ಮೂರು ಪುಟ ದಾಟಿದರೂ ಬಂಡೆ ಕಾಣಲಿಲ್ಲ

ನಮಸ್ಕಾರ.

ಅಮ್ಮನನ್ನು ಕರೆದುಕೊಂಡು ಐರ್ಲೆಂಡಿನ ಪಶ್ಚಿಮ ಕರಾವಳಿಗೆ, ಕ್ಲೇರ್ ಕೌಂಟಿಯ ಕ್ಲಿಫ್ಸ್ ಆಫ್ ಮೋಹರ್ ಅನ್ನೋ ಕಡಲಂಚಿನ ಬಂಡೆಗೋಡೆ ನೋಡಲು ಹೋಗಿಬಂದ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ 'ಚೆನ್ನಾಗಿದೆ, ಮುಂದೆ ನೋಡೋಣ' ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆರನೇ ಪುಟದ ಒಂದು ವಾಕ್ಯ ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಮೂರು ಪುಟ ತೆಗೆಯಿರಿ. ವೀಸಾ, ವಿಮಾನ ತಡವಾದದ್ದು, ಬಾಡಿಗೆ ಕಾರಿನ ಗೋಳು, ಎಲ್ಲವೂ ಹೋಗಲಿ. ಕಾರಿನಲ್ಲಿ ಅಮ್ಮ ಚಪಾತಿ ಗಂಟು ಬಿಚ್ಚಿದ್ದು ಇರಲಿ ಅನ್ನಿಸಿತು, ಆದರೂ ತೆಗೆಯಿರಿ. 'ರುದ್ರರಮಣೀಯ' ಏಳು ಸಲ ಬಂದಿದೆ, ಎಣಿಸಿದ್ದೇನೆ. ಬೈಯುತ್ತಿಲ್ಲ, ನಾನೂ ಇಪ್ಪತ್ತರ ವಯಸ್ಸಿನಲ್ಲಿ ಜೋಗದ ಬಗ್ಗೆ ಬರೆದು ಪುಟಕ್ಕೆರಡು ಸಲ ಹಾಲ್ನೊರೆ ಸುರಿಸಿದವನೇ.

ಜೋಗ ಅಂದದ್ದಕ್ಕೆ ನೆನಪಾಯಿತು. ಬಂಡೆಗೋಡೆ ಉದ್ದಕ್ಕೂ 214 ಮೀಟರ್ ಎತ್ತರ ಅಂದಿದ್ದೀರಿ, ಹಾಗಲ್ಲ. ದಕ್ಷಿಣದ ಹ್ಯಾಗ್ಸ್ ಹೆಡ್‌ನಲ್ಲಿ ಅದು ಸುಮಾರು 120 ಮೀಟರ್, ಅಲ್ಲಿಂದ ಉತ್ತರಕ್ಕೆ ಏರುತ್ತಾ ಹೋಗಿ ಓಬ್ರಿಯನ್ ಗೋಪುರದ ಹತ್ತಿರ 214 ಮುಟ್ಟುತ್ತದೆ. ಜೋಗ 253 ಮೀಟರ್. ಅದಕ್ಕಿಂತ ಸ್ವಲ್ಪ ಗಿಡ್ಡ, ಆದರೆ ಕೆಳಗೆ ಕೊಳ್ಳದ ಬದಲು ಇಡೀ ಅಟ್ಲಾಂಟಿಕ್ ಅಂತ ಬರೆದಿದ್ದರೆ ಜೋಗದ ಹತ್ತಿರದ ಸಾಗರ ಊರಿನ ಓದುಗನಿಗೆ ತಟ್ಟನೆ ಕಾಣುತ್ತಿತ್ತು. ಆ ಗೋಪುರ 'ಪುರಾತನ ಕೋಟೆ'ಯೂ ಅಲ್ಲ. ಕಾರ್ನೀಲಿಯಸ್ ಓಬ್ರಿಯನ್ ಅನ್ನೋ ಜಮೀನ್ದಾರ 1835ರಲ್ಲಿ ಕಟ್ಟಿಸಿದ್ದು, ಬಂದವರು ನಿಂತು ನೋಡಲಿ ಅಂತ. ನಿಜವಾದ ಹಳೇ ಕೋಟೆ ಇದ್ದದ್ದು ಹ್ಯಾಗ್ಸ್ ಹೆಡ್‌ನಲ್ಲಿ. ಮೋಹರ್ ಅನ್ನೋ ಹೆಸರೂ ಅದರದ್ದೇ. ನೆಪೋಲಿಯನ್ ಕಾಲದಲ್ಲಿ ಕಾವಲು ಗೋಪುರ ಕಟ್ಟಲು ಅದನ್ನು ಕೆಡವಿಬಿಟ್ಟರು.

ಪಫಿನ್ ಅನ್ನೋ ಕಡಲಹಕ್ಕಿ ಕಂಡೆ ಅಂದಿದ್ದೀರಿ. ನೀವು ಹೋದದ್ದು ಅಕ್ಟೋಬರ್‌ನಲ್ಲಿ. ವಸಂತದಲ್ಲಿ ಗೂಡಿಗೆ ಬರುವ ಪಫಿನ್‌ಗಳು ಜುಲೈ ಮುಗಿಯುವ ಹೊತ್ತಿಗೆ ಮರಿ ಮಾಡಿಕೊಂಡು ಕಡಲಿಗೆ ಹೋಗಿಬಿಡುತ್ತವೆ. ಬ್ರೋಷರ್‌ನಲ್ಲಿ ಕಂಡಿರಬೇಕು, ಅಲ್ವಾ?

ಇವೆಲ್ಲ ತಿದ್ದಿದರೆ ಹೋಗುವ ತಪ್ಪುಗಳು. ಆದರೆ 'ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಹಾಗೆ ಇದೂ ಲಾವಾದಿಂದ ಹುಟ್ಟಿದ ಬಂಡೆ' ಅಂತ ಬರೆದಿದ್ದೀರಲ್ಲ, ಅಲ್ಲಿ ಇಡೀ ಜಾಗವೇ ಕೈತಪ್ಪಿ ಹೋಗಿದೆ. ಮಲ್ಪೆಯ ಕಲ್ಲು ಲಾವಾ ಆರುವಾಗ ಸೀಳಿ ಆದದ್ದು, ಕಂಬ ಕಂಬವಾಗಿ ನಿಂತಿದೆ. ಮೋಹರ್ ಬಂಡೆ ಪದರ ಪದರವಾಗಿ ಮಲಗಿದೆ. ಸುಮಾರು 32 ಕೋಟಿ ವರ್ಷಗಳ ಹಿಂದೆ ದೊಡ್ಡದೊಂದು ನದಿ ಸಮುದ್ರ ಸೇರುವಲ್ಲಿ ಚೆಲ್ಲಿದ ಕೆಸರು, ಅದರ ಮೇಲೆ ಮರಳು, ಮತ್ತೆ ಕೆಸರು, ಹೀಗೆ ಕೂತು ಕೂತು ಕಲ್ಲಾದದ್ದು. ಕೆಸರಿನ ಪದರ ಮೆದು, ಮರಳಿನದು ಗಟ್ಟಿ. ಅಲೆ ಬುಡದ ಮೆದು ಕಲ್ಲನ್ನು ತಿನ್ನುತ್ತದೆ, ಮೇಲಿನ ಗಟ್ಟಿ ಕಲ್ಲು ಆಸರೆ ಇಲ್ಲದೆ ಚಾಚಿಕೊಂಡು ನಿಂತು ಒಂದು ದಿನ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಗೋಡೆ ಅಷ್ಟು ನೆಟ್ಟಗಿರುವುದು ಅದಕ್ಕೇ. ಅಂಚಿಗೆ ಹೋಗಬೇಡಿ ಅನ್ನುವುದೂ ಅದಕ್ಕೇ. (ನಿಮ್ಮ ನಾಲ್ಕನೇ ಸೆಲ್ಫಿ ನೋಡಿ ನನಗೆ ಇಲ್ಲಿ ಕೂತೇ ಕಾಲು ನಡುಗಿತು.)

ಈಗ ಆ ವಾಕ್ಯ: 'ದಾರಿಬದಿಯ ತಡೆಗೋಡೆಯ ಕಲ್ಲಿನಲ್ಲಿ ಎರೆಹುಳು ಹರಿದಂಥ ಗೆರೆಗಳಿದ್ದವು, ಅಮ್ಮ ಬೆರಳಾಡಿಸಿ, ಯಾರೋ ರಂಗೋಲಿ ಕಲಿಯೋಕೆ ಕೂತಿದ್ದಾರೆ ಅಂದಳು.' ಇಷ್ಟು ಬರೆದು ಮುಂದಿನ ಸಾಲಿಗೇ ಪಫಿನ್‌ಗೆ ಹಾರಿದ್ದೀರಿ! ಅಲ್ಲಿ ನಿಲ್ಲಬೇಕಿತ್ತು. ಅದು ಲಿಸ್ಕ್ಯಾನರ್ ಕಲ್ಲು. ನಮ್ಮಲ್ಲಿ ಶಹಾಬಾದ್ ಕಲ್ಲು ಹೇಗೋ, ಅಲ್ಲಿ ನೆಲಕ್ಕೆ, ಗೋಡೆಗೆ ಅದು ಹಾಗೆ. ಆ ಗೆರೆಗಳು ನಿಜಕ್ಕೂ ಹರಿದಾಡಿದ ಗುರುತೇ. ನೀರಿನ ತಳದ ಕೆಸರಿನಲ್ಲಿ ಮೇವು ಹುಡುಕುತ್ತಾ ಹೋದ ಯಾವುದೋ ಸಣ್ಣ ಜೀವಿಯ ದಾರಿ. ಜೀವಿಯ ಮೈ ಉಳಿಯಲಿಲ್ಲ, ದಾರಿ ಉಳಿಯಿತು, ಕಲ್ಲಾಯಿತು, ಯಾರೋ ಸೀಳಿ ತಂದು ದಾರಿಬದಿಗೆ ನಿಲ್ಲಿಸಿದರು, ಅದರ ಮೇಲೆ ನಿಮ್ಮ ಅಮ್ಮ ಬೆರಳಾಡಿಸಿದರು. ನಿಮ್ಮ ಲೇಖನ ಶುರುವಾಗುವುದೇ ಅಲ್ಲಿ. ಕಡಲು ಆಮೇಲೆ ಬರಲಿ. ಗಾಳಿಗೆ ಅಮ್ಮನ ಸೆರಗು ಮುಖಕ್ಕೆ ಬಡಿದು ಅವರಿಗೆ ಎದುರಿನ ಸಮುದ್ರ ಕಾಣಲೇ ಇಲ್ಲ ಅಂತ ಬರೆದಿದ್ದೀರಲ್ಲ, ಅದೂ ಉಳಿಯಲಿ.

ಎಂಟು ಪುಟ ಬೇಡ, ಮೂರು ಸಾಕು. ಡ್ರೋನ್ ಫೋಟೋಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಕಲ್ಲಿನ ಮೇಲೆ ಅಮ್ಮನ ಬೆರಳು ಇರುವ ಫೋಟೋ ಏನಾದರೂ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಅದೊಂದನ್ನು ಕಳಿಸಿ.