ಪ್ರತಿಮೆಗೆ ಮೊದಲು ಟ್ರಂಕು

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರ: "ನಮ್ಮೂರಿನಿಂದ ಸೇನೆಗೆ ಸೇರಿ ಗಡಿಯಲ್ಲಿ ಮಡಿದ ಯೋಧರಿಗೆ ಇಂದಿಗೂ ಒಂದು ಪ್ರತಿಮೆಯಿಲ್ಲ. ವಯಸ್ಸಾದ ಅವರ ತಂಗಿ ಅದನ್ನು ನೋಡಿಯೇ ಕಣ್ಣು ಮುಚ್ಚಬೇಕೆನ್ನುತ್ತಾರೆ. ಪತ್ರಿಕೆ ಏಕೆ ದನಿಯೆತ್ತುತ್ತಿಲ್ಲ?"

ಉತ್ತರ: ಎತ್ತೋಣ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಪ್ರತಿಮೆಯನ್ನು ಕಂಡು "ಇವರು ಯಾರು?" ಎಂದು ಕೇಳುವ ಮಗು ಇರುವವರೆಗೆ ಪ್ರತಿಮೆಯೂ ಬೇಕು. ಆದರೆ ಆ ಮಗುವಿಗೆ ಹೇಳಲು ನಮ್ಮ ಬಳಿ ಏನಿದೆ ಎಂಬುದು ನನ್ನ ಹಳೆಯ ತಕರಾರು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿಯೇ ಮಡಿದರೆಂಬುದು ನಮ್ಮವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. 1979ರಲ್ಲಿ ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಸಂಗತಿ ಹೊರಬಿದ್ದು, ಮಹಾವೀರ ಚಕ್ರ ಬರುವ ಹೊತ್ತಿಗೆ 1988 ಆಗಿತ್ತು. ಕಂಡವರು ಬರೆದಿಡದಿದ್ದರೆ ಶೌರ್ಯವೂ 23 ವರ್ಷ ಕಾಯಬೇಕಾಗುತ್ತದೆ.

ಒಮ್ಮೆ ದಕ್ಷಿಣ ಕೊಡಗಿನ ಒಂದು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ), ಒಲೆಯ ಮೇಲಿನ ಅಟ್ಟದಿಂದ ಇಳಿಸಿದ ತಗಡಿನ ಟ್ರಂಕನ್ನು ನನ್ನೆದುರೇ ತೆರೆದರು. ಮಡಿದ ಮಗನ ಇನ್‌ಲ್ಯಾಂಡ್ ಪತ್ರಗಳು, ಮೇಲೆ 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸ. ಒಂದರಲ್ಲಿ ಯುದ್ಧದ ಸುದ್ದಿಯೇ ಇಲ್ಲ: ಕಾಳುಮೆಣಸು ಕೊಯ್ದಾಯಿತೇ, ಕಪ್ಪು ಹಸು ಕರು ಹಾಕಿತೇ, ಅಪ್ಪನ ಮಂಡಿನೋವು ಹೇಗಿದೆ ಎಂಬಷ್ಟೇ ವಿಚಾರಣೆ. ಕೆಳಗಿದ್ದ ಪತ್ರಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬಂತು.

ನಮ್ಮ ಸ್ಮರಣೆ ಸಮಾರಂಭಗಳಿಗೆ ಇದಾವುದೂ ಬೇಕಾಗಿಲ್ಲ. ನಾನು ಹೋಗಿದ್ದ ಒಂದರಲ್ಲಿ ಭಾಷಣ ಮಾಡಿದ ನಾಲ್ವರಲ್ಲಿ ಒಬ್ಬರೂ ಯೋಧ ಯಾವ ರೆಜಿಮೆಂಟಿನವರೆಂದು ಹೇಳಲಿಲ್ಲ. ಫ್ಲೆಕ್ಸ್‌ನಲ್ಲಿ ಅವರ ಮನೆತನದ ಹೆಸರೇ ತಪ್ಪಾಗಿತ್ತು, ಹಾಕಿಸಿದವರ ಹೆಸರುಗಳು ಮಾತ್ರ ಒತ್ತು ದೀರ್ಘಗಳ ಸಮೇತ ಸರಿಯಾಗಿದ್ದವು. ಗುರುಕಾರೋಣರಿಗೆ, ಅಂದರೆ ಗತಿಸಿದ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಅವರಿಗೆ ಏನು ಇಷ್ಟವಿತ್ತೆಂದು ನೆನಪಿಸಿಕೊಳ್ಳುವ ನಾಡು, ವೇದಿಕೆ ಹತ್ತಿದೊಡನೆ "ವೀರಪುತ್ರ" ಎಂಬ ಒಂದೇ ಪದಕ್ಕೆ ತೃಪ್ತವಾಗುವುದು ಹೇಗೆ?

ಕೋಪಿಸಿಕೊಳ್ಳಬೇಡಿ. ಇಷ್ಟು ಕಾಳಜಿಯಿಂದ ಪತ್ರ ಬರೆದ ನೀವು ಆ ಯೋಧರು ಸೇನೆಗೆ ಸೇರಿದ ವರ್ಷವನ್ನಾಗಲಿ, ಮಡಿದ ಜಾಗವನ್ನಾಗಲಿ ಬರೆದಿಲ್ಲ. ಅವೆಲ್ಲ ಗೊತ್ತಿರುವ ತಂಗಿ ನಿಮ್ಮೂರಲ್ಲೇ ಇದ್ದಾರೆ. ಮಳೆ ಹಿಡಿಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಅವರ ಜಗಲಿಯಲ್ಲಿ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ; ಎಷ್ಟು ಪುಟವಾದರೂ ಅಚ್ಚು ಮಾಡುತ್ತೇವೆ. ಪ್ರತಿಮೆಯ ಮನವಿಗೆ ನನ್ನ ಸಹಿಯೂ ಇರಲಿ.