39ಕ್ಕೆ ಪೊರಕೆ ಹಿಡಿದವಳ ಉತ್ತರ

ಮೇಡಂ ಬೇಡ, ಅಕ್ಕ ಅನ್ನಿ ಸಾಕು.

ಜರ್ಮನಿಯ ಹ್ಯಾಂಬರ್ಗ್‌ಗೆ ಬಂದು ಏಳು ತಿಂಗಳಾಯಿತು, ವಯಸ್ಸು 33, ಸಾಫ್ಟ್‌ವೇರ್ ಕೆಲಸಕ್ಕೇನೂ ತೊಂದರೆಯಿಲ್ಲ, ಆದರೂ ಅದನ್ನು ಬಿಟ್ಟು ಮರಗೆಲಸ ಕಲಿಯುವ ಆಸೆ ಅಂತ ಬರೆದಿದ್ದೀರಿ. ಮನೆಯವರು "ಇದಕ್ಕೇನಾ ಅಷ್ಟು ದೂರ ಹೋಗಿದ್ದು?" ಅಂದರಂತೆ. ಎಲ್ಲರೂ ಹೋಗುವ ದಾರಿ ಬಿಟ್ಟರೆ ಬೆಳೀತೀನಾ, ಹಿಂದೆ ಬೀಳ್ತೀನಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಬೆಳೆದೆನೋ ಇಲ್ಲವೋ ಹೇಳಲಾರೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಕೂರಿಸಿಕೊಂಡು "ಬೆಳವಣಿಗೆ" ಬಗ್ಗೆ ಮಾತಾಡಿ ಮಾತಾಡಿ ಆ ಪದದ ಮೇಲೆ ನನಗೆ ಮೋಹವೇ ಹೊರಟುಹೋಗಿದೆ. ನಡೆದದ್ದನ್ನು ಹೇಳ್ತೇನೆ, ಅಳತೆ ನೀವೇ ಹಾಕಿಕೊಳ್ಳಿ.

2013ರಲ್ಲಿ ನಾನೂ ನಿಮ್ಮ ಹಾಗೆ ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ) ಹಿಡಿದೇ ಬಂದವಳು. ಇಲ್ಲೂ ಐದು ವರ್ಷ ಕೋಡ್ ಬರೆದೆ. 2018ರ ಆಗಸ್ಟ್‌ನಲ್ಲಿ, 39ನೇ ವಯಸ್ಸಿಗೆ, ಒಂದು ಸಣ್ಣ ಮರಗೆಲಸದ ಕಾರ್ಯಾಗಾರದಲ್ಲಿ ಔಸ್‌ಬಿಲ್ಡುಂಗ್‌ಗೆ, ಅಂದರೆ ಕಸುಬಿನ ತರಬೇತಿಗೆ ಸೇರಿದೆ. ಈ ಪದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ವಾರದಲ್ಲಿ ಮೂರ್ನಾಲ್ಕು ದಿನ ಕೆಲಸದ ಜಾಗದಲ್ಲಿ, ಒಂದೆರಡು ದಿನ ವೃತ್ತಿ ಶಾಲೆಯಲ್ಲಿ ಕಲಿಕೆ. ಕೆಲವು ಕಡೆ ಶಾಲೆಯ ಪಾಲನ್ನು ವಾರಗಟ್ಟಲೆ ಒಟ್ಟಿಗೆ ಇಟ್ಟಿರುತ್ತಾರೆ. ಮರಗೆಲಸಕ್ಕೆ ಮೂರು ವರ್ಷ. ಇಲ್ಲಿ ಉತ್ತರದಲ್ಲಿ ಈ ಕಸುಬಿನವರಿಗೆ ಟಿಶ್ಲರ್ ಅನ್ನುತ್ತಾರೆ, ದಕ್ಷಿಣಕ್ಕೆ ಹೋದರೆ ಶ್ರೈನರ್. ವಯಸ್ಸಿಗೆ ಮೇಲಿನ ಮಿತಿ ಇಲ್ಲ. ನನ್ನ ತರಗತಿಯ ಉಳಿದವರೆಲ್ಲ ಹದಿನೇಳು, ಹತ್ತೊಂಬತ್ತು, ಹೆಚ್ಚೆಂದರೆ ಇಪ್ಪತ್ತನಾಲ್ಕು. ಮೊದಲ ದಿನ ಒಬ್ಬ ಹುಡುಗ ನನ್ನನ್ನು ಟೀಚರ್ ಅಂದುಕೊಂಡು ಎದ್ದು ಜಾಗ ಬಿಟ್ಟುಕೊಟ್ಟ.

ಮೊದಲ ವಾರಗಳಲ್ಲಿ ನನ್ನ ಕೈಗೆ ಬಂದದ್ದು ಪೊರಕೆ. ಮರದ ಹುಡಿ ಗುಡಿಸು, ಹಲಗೆ ಹೊರು, ಉಳಿ ಸಾಣೆ ಹಿಡಿ. ಯಂತ್ರಗಳ ಸುರಕ್ಷತಾ ಕೋರ್ಸ್ ಆಗುವ ತನಕ ದೊಡ್ಡ ಗರಗಸದ ಹತ್ತಿರಕ್ಕೂ ಬಿಡಲಿಲ್ಲ. ಇದೆಲ್ಲ ಕಷ್ಟವೇನಲ್ಲ, ಮೈ ನೋಯುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ. ಕಷ್ಟ ಬೇರೆ ಕಡೆ ಇತ್ತು.

ಒಂದು ದಿನ ಮೈಸ್ಟರ್, ಅಂದರೆ ಕಾರ್ಯಾಗಾರ ನಡೆಸುವ ಹಿರಿಯ ಕಸುಬುದಾರರು, ಮೂಲೆಯಿಂದ ಕೂಗಿ ಅಳತೆ ಹೇಳಿದರು. ಇಲ್ಲಿ ಎಲ್ಲವೂ ಮಿಲಿಮೀಟರ್‌ನಲ್ಲಿ. ಅವರು ಹೇಳಿದ್ದು 764. ನಾವು ಅರವತ್ತನಾಲ್ಕು ಅನ್ನುವಾಗ ಅರವತ್ತು ಮೊದಲು ಬರುತ್ತದೆ. ಜರ್ಮನ್‌ನಲ್ಲಿ "ಏಳುನೂರ ನಾಲ್ಕು ಮತ್ತು ಅರವತ್ತು". ಗರಗಸದ ಗದ್ದಲದಲ್ಲಿ ನನ್ನ ತಲೆ ಏಳು, ನಾಲ್ಕು, ಆರು ಅಂತ ಬರೆದುಕೊಂಡಿತು. ಹದಿನಾಲ್ಕು ಓಕ್ ಹಲಗೆಗಳನ್ನು 746ಕ್ಕೆ ಕತ್ತರಿಸಿಟ್ಟೆ. ಒಂದೊಂದೂ 18 ಮಿಲಿಮೀಟರ್ ಗಿಡ್ಡ. ಉದ್ದ ಕತ್ತರಿಸಿದ್ದರೆ ಇನ್ನೊಮ್ಮೆ ಕೊಯ್ಯಬಹುದಿತ್ತು, ಗಿಡ್ಡವಾದದ್ದಕ್ಕೆ ಮದ್ದಿಲ್ಲ. ಮೈಸ್ಟರ್ ಬೈಯಲಿಲ್ಲ. ಸುಮ್ಮನೆ ಹಲಗೆಗಳನ್ನು ಎಣಿಸಿದರು. ಅದಕ್ಕಿಂತ ಬೈಗುಳವೇ ವಾಸಿಯಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ, ಮರ ಹಾಳಾಯಿತೆಂದಲ್ಲ. ಹದಿನೈದು ವರ್ಷ ಒಂದು ವಿದ್ಯೆಯಲ್ಲಿ ನುರಿತವಳು, ಹತ್ತು ಜನರ ತಂಡ ನಡೆಸಿದವಳು, ಈಗ ಅಂಕಿ ಕೇಳಿಸಿಕೊಳ್ಳಲಾಗದ ಮಗುವಾಗಿದ್ದೇನಲ್ಲ ಅಂತ. ನೀವು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಸಂಬಳ ಕಡಿಮೆಯಾದರೆ ತಡೆದುಕೊಳ್ಳುತ್ತೀರಿ, ಜನರ ಮಾತು ಎರಡನೇ ವರ್ಷಕ್ಕೆ ತಾನಾಗಿ ನಿಲ್ಲುತ್ತದೆ. ಆದರೆ ದಿನಾ ಬೆಳಿಗ್ಗೆ ಎದ್ದು, ಎಲ್ಲರಿಗಿಂತ ದಡ್ಡರಾಗಿ, ಅದೂ ನಿಮ್ಮ ಜಾಣತನ ತೋರಿಸಿಕೊಳ್ಳಲಾಗದ ಭಾಷೆಯಲ್ಲಿ, ಒಂದು ವರ್ಷ ಇರಬಲ್ಲಿರಾ? ಮಾರನೆಯ ದಿನದಿಂದ ಪ್ರತಿ ಅಳತೆಯನ್ನೂ ಪೆನ್ಸಿಲ್‌ನಲ್ಲಿ ಹಲಗೆ ಮೇಲೆ ಬರೆದು, ಗಟ್ಟಿಯಾಗಿ ಓದಿ ಹೇಳತೊಡಗಿದೆ. ಈಗಲೂ ಹಾಗೇ. ಹೊಸಬರು ನಗುತ್ತಾರೆ, ನಗಲಿ.

"ದಾರಿ ಬಿಟ್ಟು" ಅಂದಿರಲ್ಲ, ಆ ಮಾತು ಈ ದೇಶಕ್ಕೆ ಅಷ್ಟು ಹೊಂದುವುದಿಲ್ಲ. ಒಮ್ಮೆ ನಮ್ಮ ಕಾರ್ಯಾಗಾರಕ್ಕೆ ಅಗಲ ಕಾಲಿನ ಕಪ್ಪು ಪ್ಯಾಂಟು, ಹ್ಯಾಟು, ಸೊಟ್ಟ ಕೋಲು ಹಿಡಿದ ಹುಡುಗಿಯೊಬ್ಬಳು ಬಂದು ಕೆಲಸ ಕೇಳಿದಳು. ನಾಟಕದ ವೇಷ ಅಂದುಕೊಂಡೆ. ವಾಲ್ಟ್ಸ್ ಅಂತ ಹಳೆಯ ಪದ್ಧತಿ ಅದು. ಕಸುಬು ಕಲಿತವರು ಮೂರು ವರ್ಷ ಒಂದು ದಿನ ಊರೂರು ತಿರುಗಿ ಬೇರೆ ಬೇರೆ ಮೈಸ್ಟರ್‌ಗಳ ಕೈಕೆಳಗೆ ದುಡಿಯುತ್ತಾರೆ. ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಮೂವತ್ತರ ಒಳಗಿರಬೇಕು, ಮದುವೆ, ಸಾಲ ಎರಡೂ ಇರಬಾರದು. ಅವಳ ಕೋಟಿನ ಆರು ಗುಂಡಿ ವಾರದ ಆರು ಕೆಲಸದ ದಿನಕ್ಕಂತೆ, ಒಳಗಿನ ವೇಸ್ಟ್‌ಕೋಟಿನ ಎಂಟು ಗುಂಡಿ ದಿನದ ಎಂಟು ಗಂಟೆ ದುಡಿಮೆಗಂತೆ. ನಮ್ಮ ಕಣ್ಣಿಗೆ ಹುಚ್ಚಾಟ ಅನ್ನಿಸುವುದಕ್ಕೆ ಇಲ್ಲಿ ನೂರಾರು ವರ್ಷಗಳ ನಿಯಮಾವಳಿ ಇದೆ. ಹೊಸದಾಗಿ ಶುರು ಮಾಡುವವರಿಗೆ ಈ ದೇಶ ಬಾಗಿಲು ತೆರೆದಿಟ್ಟಿದೆ, ಆದರೆ ಬಾಗಿಲಲ್ಲಿ ಕಾಗದ ಕೇಳುತ್ತದೆ.

ಆ ಕಾಗದದ ವಿಷಯದಲ್ಲಿ ಮಾತ್ರ ದಯವಿಟ್ಟು ಆತುರ ಬೇಡ. ಬ್ಲೂ ಕಾರ್ಡ್‌ಗೆ ಕನಿಷ್ಠ ಸಂಬಳದ ಮಿತಿ ಇದೆ. ಔಸ್‌ಬಿಲ್ಡುಂಗ್‌ನಲ್ಲಿ ಸಿಗುವ ಹಣ ಅದರ ಹತ್ತಿರಕ್ಕೂ ಬರುವುದಿಲ್ಲ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ಕಾನೂನು ಹೇಳುವ ಕನಿಷ್ಠ ತಿಂಗಳಿಗೆ 682 ಯೂರೋ. ಈಗಲೇ ಕೆಲಸ ಬಿಟ್ಟರೆ ತರಬೇತಿಗೆಂದೇ ಇರುವ ಬೇರೆ ಪರವಾನಗಿಗೆ ಬದಲಾಗಬೇಕು, ನಡುವೆ ಏನಾದರೂ ಎಡವಟ್ಟಾದರೆ ನಿಂತ ನೆಲವೇ ಅಲುಗುತ್ತದೆ. ಬದಲಿಗೆ ಈಗಿನ ಕೆಲಸದಲ್ಲೇ ಇದ್ದು ಜರ್ಮನ್ ಭಾಷೆಯ ಬಿ1, ಅಂದರೆ ನಡುಮಟ್ಟದ ಪರೀಕ್ಷೆ ಮುಗಿಸಿ. ಬ್ಲೂ ಕಾರ್ಡ್‌ನವರಿಗೆ ಬಿ1 ಇದ್ದರೆ 21 ತಿಂಗಳಿಗೆ, ಮೊದಲ ಮಟ್ಟವಾದ ಎ1 ಮಾತ್ರ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಅಷ್ಟು ತಿಂಗಳ ಪಿಂಚಣಿ ವಂತಿಗೆ ಕಟ್ಟಿರಬೇಕು. ಅದು ಕೈಗೆ ಬಂದ ಮೇಲೆ ಬಡಗಿಯಾಗಿ, ಬೇಕರಿಗೆ ಸೇರಿ, ಯಾರೂ ಕೇಳುವುದಿಲ್ಲ. ನಾನು ಆ ಕಾಗದ ಬಂದ ಮೇಲೂ ಎರಡು ವರ್ಷ ಹಣ ಕೂಡಿಟ್ಟೇ ಕೆಲಸ ಬಿಟ್ಟದ್ದು. ಅದನ್ನು ಧೈರ್ಯ ಅಂತ ಹೊಗಳುವವರಿಗೆ ಬ್ಯಾಂಕ್ ಪಾಸ್‌ಬುಕ್ ತೋರಿಸಬೇಕು ಅನ್ನಿಸುತ್ತದೆ.

ಕಳೆದುಕೊಂಡದ್ದೂ ಇದೆ. ಹಳೆಯ ಆಫೀಸಿನ ಗೆಳೆಯರು ಮನೆ ಕೊಂಡರು, ನಾನು ಇನ್ನೂ ಬಾಡಿಗೆಯಲ್ಲಿದ್ದೇನೆ. ಪಿಂಚಣಿ ಕಡಿಮೆ ಬರುತ್ತದೆ. ಎಡಗೈ ಹೆಬ್ಬೆರಳು ಚಳಿಗಾಲದಲ್ಲಿ ಸರಿಯಾಗಿ ಮಡಚುವುದಿಲ್ಲ. 2021ರ ಬೇಸಿಗೆಯಲ್ಲಿ ಪರೀಕ್ಷೆ ಪಾಸಾಗಿ ಗೆಸೆಲೆ ಆದೆ, ಅಂದರೆ ಪೂರ್ತಿ ಕಸುಬುದಾರಳು. ಆದರೂ ಸ್ವಂತ ಅಂಗಡಿ ತೆರೆಯಬೇಕೆಂದರೆ ಈ ಕಸುಬಿನಲ್ಲಿ ಸಾಮಾನ್ಯವಾಗಿ ಮೈಸ್ಟರ್ ಪರೀಕ್ಷೆಯೂ ಆಗಬೇಕು. ನಾನಿನ್ನೂ ಅದಕ್ಕೆ ಮನಸ್ಸು ಮಾಡಿಲ್ಲ. ಇನ್ನೊಂದು ತಮಾಷೆ ಕೇಳಿ: ಕಾರ್ಯಾಗಾರಕ್ಕೆ ಕಂಪ್ಯೂಟರ್‌ನಿಂದ ನಡೆಯುವ ಕತ್ತರಿಸುವ ಯಂತ್ರ ಬಂತು, ಅದಕ್ಕೆ ಪ್ರೋಗ್ರಾಮ್ ಬರೆಯುವವರು ಬೇಕಾಯಿತು. ಈಗ ವಾರದಲ್ಲಿ ಮೂರು ದಿನ ಉಳಿ, ಎರಡು ದಿನ ಕೀಬೋರ್ಡ್. ಓಡಿಬಂದದ್ದು ಯಾವುದರಿಂದಲೋ, ಅದೇ ಬಂದು ಬಾಗಿಲು ತಟ್ಟಿತು. ಆದರೆ ಈಗ ಬರೆದ ಕೋಡಿನ ತಪ್ಪು ಸಂಜೆಯೊಳಗೆ ಕೈಗೆ ಸಿಗುತ್ತದೆ, ಸೀಳಿದ ಹಲಗೆಯಾಗಿ.

ನಿಮಗೆ ಮೂರು ವರ್ಷದ ಸಾಹಸ ನಿಜವಾಗಿ ಬೇಕೇ ಅನ್ನುವುದನ್ನು ಅಗ್ಗವಾಗಿ ಪರೀಕ್ಷಿಸಬಹುದು. ಫೋಕ್ಸ್‌ಹೋಖ್‌ಶೂಲೆ ಅಂತ ವಯಸ್ಕರಿಗಾಗಿಯೇ ಇರುವ ಶಾಲೆಗಳಿವೆ. 1919ರ ವೈಮರ್ ಸಂವಿಧಾನವೇ ಹೆಸರು ಹಿಡಿದು ಇವಕ್ಕೆ ಬೆಂಬಲ ಕೊಡಬೇಕು ಅಂದಿತ್ತು. ಸಂಜೆಯ ತರಗತಿಗಳು, ಎಲ್ಲ ವಯಸ್ಸಿನವರೂ ಬರುತ್ತಾರೆ. ಸೋಮವಾರ ನಾನು ಅಲ್ಲೇ ಡ್ಯಾನಿಷ್ ಕಲಿಯಲು ಹೋಗುತ್ತೇನೆ. ಪಕ್ಕದಲ್ಲಿ ಕೂರುವ ಅಜ್ಜನಿಗೆ ಎಂಬತ್ತು ದಾಟಿದೆ, ನನಗಿಂತ ಚೆನ್ನಾಗಿ ಓದುತ್ತಾರೆ, ಅದನ್ನು ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಅಂಥ ಕಡೆ ಒಂದು ಮರಗೆಲಸದ ಕೋರ್ಸ್ ಸಿಕ್ಕರೆ ಸೇರಿಕೊಳ್ಳಿ. ಉಪಕರಣ ಯಾವುದು ಕೊಳ್ಳಲಿ ಅಂತಲೂ ಕೇಳಿದ್ದೀರಿ. ಈಗ ಏನೂ ಬೇಡ. ಒಂದೇ ಒಂದು ಉಳಿ, ಒಂದು ಸಾಣೆಕಲ್ಲು. ಮುಂಗೈ ಕೂದಲು ಬೋಳಿಸುವಷ್ಟು ಹರಿತ ಮಾಡಲು ಬಂದರೆ ಮುಂದಿನದನ್ನು ಯೋಚಿಸೋಣ.

ಇನ್ನು, ಕಲಿಯಲೆಂದೇ ಸಂಬಳ ಸಹಿತ ರಜೆ ಇದೆ, ಬಿಲ್ಡುಂಗ್ಸ್‌ಉರ್ಲೌಬ್ ಅಂತ. ದಕ್ಷಿಣದ ಬವೇರಿಯಾ ರಾಜ್ಯದಲ್ಲಿದ್ದಿದ್ದರೆ ಈ ಹಕ್ಕು ಸಿಗುತ್ತಿರಲಿಲ್ಲ. ಹ್ಯಾಂಬರ್ಗ್‌ನಲ್ಲಿ ಎರಡು ವರ್ಷಕ್ಕೆ 10 ದಿನ, ಕೆಲಸಕ್ಕೆ ಸೇರಿ ಆರು ತಿಂಗಳಾಗಿರಬೇಕು. ನಿಮಗೆ ಏಳಾಯಿತು. ಕೋರ್ಸ್‌ನ ಶುಲ್ಕ ನಿಮ್ಮದೇ, ಮತ್ತು ಅದು ಮಾನ್ಯತೆ ಪಡೆದ ಕೋರ್ಸ್ ಆಗಿರಬೇಕು. ಒಂದು ವಾರದ ಜರ್ಮನ್ ಕೋರ್ಸ್ ಹುಡುಕಿಕೊಳ್ಳಿ. ಅರ್ಜಿಯನ್ನು ಆರು ವಾರ ಮೊದಲೇ ಕೊಡಬೇಕು. ಜರ್ಮನ್‌ನಲ್ಲಿ ಬರೆಯಲು ಕಷ್ಟವಾದರೆ ಬರೆದಷ್ಟನ್ನು ಕಳಿಸಿ, ತಿದ್ದಿ ಕೊಡ್ತೇನೆ.