ಅಜ್ಜಿ ಹೋದ ಮೇಲೆ ಅವರ ಬೆಕ್ಕು, ನಾಯಿ

ಪ್ರಶ್ನೆ: 82 ವರ್ಷದ ನಮ್ಮಜ್ಜಿ ತೀರಿಕೊಂಡು ಐದು ದಿನವಾಯಿತು. ಅವರ ಬೆಕ್ಕು ಮಂಚದ ಕೆಳಗೇ ಕೂತಿದೆ, ನಿನ್ನೆ ಬೆಳಗ್ಗೆಯಿಂದ ತಟ್ಟೆ ಮುಟ್ಟಿಲ್ಲ. ಮುದಿ ನಾಯಿ ಬಾಗಿಲು ಕಾಯುತ್ತದೆ. ತಾವಾಗಿ ಸರಿಹೋಗಲಿ ಎಂದು ಬಿಡಬಹುದೇ?

ಉತ್ತರ: ನಾಯಿಗೆ ಸಮಯ ಕೊಡಬಹುದು, ಬೆಕ್ಕಿಗೆ ಕೊಡುವಂತಿಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಮೈಯ ಕೊಬ್ಬು ಕರಗಿ ಬಂದು ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳಬಹುದು. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಒಸಡು, ಕಿವಿಯ ಒಳಭಾಗ ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ನೀವು ಹೇಳುವ ಪ್ರಕಾರ 24 ಗಂಟೆ ದಾಟಿದೆ, ಇವತ್ತೇ ಪಶುವೈದ್ಯರಿಗೆ ಫೋನ್ ಮಾಡಿ. ಅಷ್ಟರಲ್ಲಿ ಅದು ಅಜ್ಜಿಯ ಕೈಯಿಂದ ತಿನ್ನುತ್ತಿದ್ದ ಆಹಾರವನ್ನೇ ಮೈಬಿಸಿಯಷ್ಟು, ಅಂದರೆ ಸುಮಾರು 38 ಡಿಗ್ರಿಗೆ ಬೆಚ್ಚಗೆ ಮಾಡಿ, ಒಂದು ಚಮಚದಷ್ಟು ಮಂಚದ ಹತ್ತಿರವೇ ಇಟ್ಟು ದೂರ ಸರಿಯಿರಿ. ಬೆಚ್ಚಗಾದರೆ ವಾಸನೆ ಏಳುತ್ತದೆ. ಬೆಕ್ಕು ಊಟವನ್ನು ಒಪ್ಪುವುದು ಮೊದಲು ಮೂಗಿನಿಂದ. ಬಾಯಿ ತೆರೆದು ತುರುಕಬೇಡಿ, ಆ ಆಹಾರವನ್ನೇ ಅದು ಮುಂದೆ ದ್ವೇಷಿಸುತ್ತದೆ. ಅಜ್ಜಿಯ ಹಾಸಿಗೆ ಬಟ್ಟೆಯಲ್ಲಿ ಒಂದನ್ನಾದರೂ ಒಗೆಯದೆ ಉಳಿಸಿ.

ನಾಯಿಗೆ ಬೇಕಾದದ್ದು ಅಜ್ಜಿಯ ವೇಳಾಪಟ್ಟಿ. ಅವರು ಎಷ್ಟು ಗಂಟೆಗೆ ಬಟ್ಟಲು ಇಡುತ್ತಿದ್ದರು, ಯಾವ ದಾರಿಯಲ್ಲಿ ಅಡ್ಡಾಡಿಸುತ್ತಿದ್ದರು, ಅದನ್ನೇ ಒಬ್ಬರು ವಹಿಸಿಕೊಳ್ಳಲಿ. ಬಂದವರೆಲ್ಲ ‘ಪಾಪ’ ಎಂದು ಒಂದೊಂದು ತುಣುಕು ಹಾಕುವುದರಿಂದ ಅದು ಬಟ್ಟಲಿಗೆ ಬಾಯಿ ಹಾಕುವುದಿಲ್ಲ. ನೀವು ಅದನ್ನು ದುಃಖ ಎಂದುಕೊಳ್ಳುತ್ತೀರಿ. ನೀರನ್ನು ಮಾತ್ರ ಅಳೆದು ಇಡಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಗಿಂತ ಹೆಚ್ಚು, ಅಂದರೆ 10 ಕಿಲೋ ನಾಯಿ ಒಂದು ಲೀಟರ್ ದಾಟಿ ಕುಡಿಯುತ್ತಿದ್ದರೆ ಅದು ಶೋಕವಲ್ಲ. ಮೂತ್ರಪಿಂಡ, ಸಕ್ಕರೆ ಕಾಯಿಲೆಗಳ ಪರೀಕ್ಷೆ ಮಾಡಿಸಬೇಕು.

ಈ ದಿನಗಳಲ್ಲಿ ಎಲ್ಲರೂ ಮರೆಯುವ ಎರಡು ಮಾತು. ಅಜ್ಜಿಯ ಔಷಧಿ ಡಬ್ಬಿ ಎತ್ತಿಡಿ, ಮಂಚದಡಿ ಉರುಳಿದ ಗುಳಿಗೆಗಳನ್ನು ಹುಡುಕಿ ತೆಗೆಯಿರಿ. ಒಂದೇ ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು. ಇನ್ನು, ಭಾವಚಿತ್ರದ ಮುಂದೆ ಲಿಲಿ ಹೂ ಬೇಡವೇ ಬೇಡ. ಮೈಗೆ ತಗುಲಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ.

ಪ್ರಶ್ನೆ: ಬೆಕ್ಕನ್ನು ನಮ್ಮ ಮನೆಗೆ ಒಯ್ಯಬೇಕಿದೆ. ಹೇಗೆ?

ಉತ್ತರ: ಅದು ಸರಿಯಾಗಿ ತಿನ್ನಲು ಶುರುಮಾಡಿದ ಮೇಲೆ ಒಯ್ಯಿರಿ. ಮೊದಲು ಒಂದೇ ಕೋಣೆ; ಅಲ್ಲಿ ಅದು ಮಲಮೂತ್ರಕ್ಕೆ ಬಳಸುತ್ತಿದ್ದ ಹಳೆಯ ಮರಳಿನ ತಟ್ಟೆ, ಹಳೆಯ ಹೊದಿಕೆ, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಕನಿಷ್ಠ ಮೂರು ವಾರ ಮನೆಯಿಂದ ಹೊರಗೆ ಬಿಡಬೇಡಿ. ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೊರಡುತ್ತದೆ.

ಪ್ರಶ್ನೆ: ಅಜ್ಜಿಯ ನೆನಪಿಗೆ ಒಂದು ಬರಹ ಮಾಡಬೇಕೆಂದಿದ್ದೇವೆ. ‘ಪ್ರಾಣಿಪ್ರಿಯೆ’ ಎನ್ನುವುದರಾಚೆ ಏನೂ ಹೊಳೆಯುತ್ತಿಲ್ಲ.

ಉತ್ತರ: ಆ ಪದ ಬಿಟ್ಟುಬಿಡಿ, ಅದು ಯಾರ ಅಜ್ಜಿಗಾದರೂ ಒಪ್ಪುತ್ತದೆ. ಅವರು ಸಾಕಿದ ಪ್ರಾಣಿಗಳನ್ನು ಬಂದ ಕ್ರಮದಲ್ಲಿ ಪಟ್ಟಿ ಮಾಡಿ: ಹೆಸರು, ಎಲ್ಲಿಂದ ಬಂತು, ಎಲ್ಲಿ ಮಲಗುತ್ತಿತ್ತು, ಯಾವ ಕೂಗಿಗೆ ಓಡಿ ಬರುತ್ತಿತ್ತು, ಮಾತ್ರೆ ನುಂಗಿಸಲು ಅಜ್ಜಿ ಹೂಡುತ್ತಿದ್ದ ಉಪಾಯವೇನು. ನೆರೆಯವರನ್ನೂ ಪಶುವೈದ್ಯರನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಒಬ್ಬರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸುತ್ತಾರೆ.

ತಾರೀಖು ಲಸಿಕೆ ಕಾರ್ಡಿನಲ್ಲಿರುತ್ತದೆ. ಅದರಿಂದ ಹಳೆಯ ಫೋಟೋಗಳ ಕಾಲವನ್ನೂ ಹಿಡಿಯಬಹುದು: 2012ರಲ್ಲಿ ಮರಿಯಾಗಿ ಬಂದ ನಾಯಿ ಚಿತ್ರದಲ್ಲಿದ್ದರೆ ಅದು ಅದಕ್ಕಿಂತ ಹಿಂದಿನದಲ್ಲ, ಮೂತಿ ಬೆಳ್ಳಗಾಗಿದ್ದರೆ ಹಲವು ವರ್ಷ ಈಚಿನದು. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದ ಗೆರೆ ಮುಂಬದಿಗೆ ಉಬ್ಬುತ್ತದೆ. ಸಣ್ಣ ಫೋಟೋಗಳನ್ನು 600 ಡಿಪಿಐಗೆ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ.

ಅಜ್ಜಿಯ ಫೋನ್ ನಂಬರನ್ನು ರದ್ದುಮಾಡುವ ಅವಸರ ಬೇಡ. ಅವರ ಫೋಟೋ, ವಿಡಿಯೋಗಳಿರುವ ಆನ್‌ಲೈನ್ ಖಾತೆಯೊಳಗೆ ಹೋಗಲು ಬೇಕಾದ ಓಟಿಪಿ ಅದಕ್ಕೇ ಬರುವುದು. ಮೊದಲು ಧ್ವನಿಮುದ್ರಿಕೆ, ವಿಡಿಯೋಗಳನ್ನು ಎರಡು ಬೇರೆ ಜಾಗಗಳಿಗೆ ನಕಲು ಮಾಡಿ. ಆ ದನಿಯನ್ನು ನಾಯಿಗೆ ಮಾತ್ರ ಕೇಳಿಸಬೇಡಿ, ಅದು ಮತ್ತೆ ಕೋಣೆ ಕೋಣೆ ಹುಡುಕಲು ಶುರುಮಾಡೀತು.